ಪೇಶಕಾರರ ಕಣ್ಣಿನ ಕರೆಂಟು

ಚಿತ್ತಾಪುರ ತಹಶೀಲ ಕಚೇರಿಯ ಪೇಶಕಾರ ರೇವಣಸಿದ್ದಯ್ಯನವರು ಲೋಕದಲ್ಲಿ ಮೆಚ್ಚಿಕೊಂಡದ್ದು ಎರಡನ್ನೇ. ಒಂದು ತಮ್ಮ ಅಂಗೈ ಮೇಲಿನ ಇಷ್ಟಲಿಂಗ, ಇನ್ನೊಂದು ತಮ್ಮ ಬುದ್ಧಿ. ಉಳಿದದ್ದಕ್ಕೆಲ್ಲ ಮೂಗು ಮುರಿಯುತ್ತಿದ್ದರು. ನಿಜಾಮರ ಕಾಲದಲ್ಲಿ ಉರ್ದು ಬಾರದವರನ್ನು ಕಂಡು ಮೂಗು ಮುರಿದರು. ಪೊಲೀಸ್ ಆಕ್ಷನ್ ಆಗಿ ಆ ಆಳಿಕೆ ಮುಗಿದ ಮೇಲೆ, ಉರ್ದು ಬಿಟ್ಟು ಬೇರೇನೂ ಬಾರದವರನ್ನು ಕಂಡು ಮುರಿಯತೊಡಗಿದರು. ಯಾರ ಕಾಗದವನ್ನು ತಹಶೀಲದಾರರ ಮುಂದೆ ಇವತ್ತು ಇಡಬೇಕು, ಯಾರದನ್ನು ಮುಂದಿನ ತಿಂಗಳಿಗೆ ದೂಡಬೇಕು ಎಂಬುದು ಪೇಶಕಾರರ ಕೈಯಲ್ಲಿದ್ದುದರಿಂದ, ಅವರ ಮೂಗು ಯಾವ ಕಡೆ ಮುರಿದರೂ ಊರಿಗೆ ಅದು ಸರಿಯಾಗಿಯೇ ಕಾಣುತ್ತಿತ್ತು.

ಇಂಥ ಮಹಾನುಭಾವರ ಕಣ್ಣು ಕೆಡತೊಡಗಿದ್ದು ಯಾರಿಗೂ ಗೊತ್ತಾಗಲಿಲ್ಲ. ನೋವಿಲ್ಲ, ಕೆಂಪಿಲ್ಲ, ನೀರು ಸೋರಲಿಲ್ಲ. ಎದುರಿಗೆ ನಿಂತವರು ಮೊದಲಿನಂತೆಯೇ ಕಾಣುತ್ತಿದ್ದರು. ಪಕ್ಕದಲ್ಲಿ ನಿಂತು ಕೈ ಮುಗಿದವರು ಮಾತ್ರ ಕಾಣುತ್ತಿರಲಿಲ್ಲ. ಕೈ ಮುಗಿದವನು ಹಾಗೇ ನಿಂತಿರುತ್ತಿದ್ದ, ಪೇಶಕಾರರು ಮುಂದೆ ನೋಡುತ್ತ ಹೊರಟುಹೋಗುತ್ತಿದ್ದರು. "ಅಯ್ಯನವ್ರಿಗೆ ಈಗೀಗ ಗತ್ತು ಭಾಳ ಆಗ್ಯಾದ," ಎಂದು ಮಾತಾಡಿಕೊಂಡ ಜನ, ಮರುದಿನ ಇನ್ನಷ್ಟು ಬಗ್ಗಿ ಕೈ ಮುಗಿದರು. ಕಣ್ಣು ಕಾಣದ ಅಧಿಕಾರಿಗೂ ಸೊಕ್ಕು ಬಂದ ಅಧಿಕಾರಿಗೂ ಭೇದ ತಿಳಿಯುವಂಥ ಅನುಭವ ನಮ್ಮ ಜನಕ್ಕೆ ಯಾವ ಸರಕಾರವೂ ಕೊಟ್ಟಿರಲಿಲ್ಲ. ತಮ್ಮ ಮರ್ಯಾದೆ ಹೆಚ್ಚಿದ್ದನ್ನು ಕಂಡು ರೇವಣಸಿದ್ದಯ್ಯನವರಿಗೂ ಹಿತವಾಯಿತು. ಕುರುಡು ಹೆಗಲ ಮೇಲೆ ಕೂತಿದ್ದರೆ ಅವರು ಅದನ್ನು ಶಾಲು ಅಂದುಕೊಂಡು ಹೊದ್ದಿದ್ದರು.

ಮನೆಯಲ್ಲಿ ಮಾತ್ರ ಈ ಗತ್ತು ನಡೆಯಲಿಲ್ಲ. ಹೊಸ್ತಿಲಿಗೆ ಎಡವಿದರು, ನೀರಿನ ಕೊಡಕ್ಕೆ ಒದ್ದರು, ಬಾಗಿಲ ಪಕ್ಕದ ಕಂಬಕ್ಕೆ ಹೆಗಲು ಬಡಿದುಕೊಂಡರು. ಪ್ರತಿಸಲವೂ ತಪ್ಪು ಕೊಡದ್ದು, ಇಲ್ಲವೆ ಕಂಬದ್ದು, ಇಲ್ಲವೆ ಹೆಂಡತಿ ನೀಲಾಬಾಯಿಯದು.

"ಕೊಡ ದಾರ್ಯಾಗ ಯಾಕ ಇಟ್ಟೀದಿ?"

"ನಾ ಮದಿವ್ಯಾಗಿ ಬಂದಾಗಿಂದ ಕೊಡ ಅಲ್ಲೇ ಅದರಿ. ಈ ಕಂಬಾನೂ ನಿಮ್ಮ ಅಜ್ಜನವ್ರು ನಿಲ್ಲಿಸಿದ್ದು. ನಾ ಏನ್ ಸರಿಸೀನೇನು?" ಎನ್ನುತ್ತಿದ್ದಳು ನೀಲಾಬಾಯಿ. ಆಕೆಯ ನಾಲಗೆಯೂ ಗಂಡನ ಮೂಗಿನಷ್ಟೇ ಹದವಾಗಿತ್ತು. "ಒಮ್ಮೆ ಕಣ್ಣು ತೋರಿಸ್ಕೊಂಡು ಬರ್ರಿ."

ಆಗ ಅವರು ಇಷ್ಟಲಿಂಗದ ಸಾಕ್ಷಿ ತರುತ್ತಿದ್ದರು. ಜಂಗಮರ ಮನೆ. ಮುಂಜಾನೆ ಸ್ನಾನವಾಗಿ, ಹಣೆಗೆ ವಿಭೂತಿ ಎಳೆದು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು, ರೆಪ್ಪೆ ಹೊಡೆಯದೆ ಅದನ್ನೇ ದಿಟ್ಟಿಸಿ ಕೂಡುವುದು ತಲೆತಲಾಂತರದ ಪದ್ಧತಿ. ಆ ಹೊತ್ತಿನಲ್ಲಿ ಲಿಂಗದ ಕಪ್ಪು ಹೊಳಪು ಅವರಿಗೆ ಕಾಣುತ್ತಿತ್ತು, ಅದರ ಮೇಲೆ ಎಳೆದ ವಿಭೂತಿಯ ಗೆರೆ ಕಾಣುತ್ತಿತ್ತು, ಏರಿಸಿದ ಪತ್ರಿಯ ಎಸಳಿನ ನರವೂ ಕಾಣುತ್ತಿತ್ತು. "ಲಿಂಗದ ಮ್ಯಾಲಿನ ಗೀಟು ಎಣಿಸೋ ಕಣ್ಣಿಗೆ ರೋಗ ಅಂತೀಯಲ್ಲ, ಬಾಯಾಗ ಹುಳ ಬಿದ್ದೀತು," ಎನ್ನುತ್ತಿದ್ದರು. ಅವರ ಅಪ್ಪನೂ ಕಣ್ಣನ್ನು ಹೀಗೇ ಅಳೆದಿದ್ದ, ಅಜ್ಜನೂ ಹೀಗೇ ಅಳೆದಿದ್ದ. ಅಂಗೈಯಷ್ಟೇ ಜಾಗ ಕಂಡರೆ ಲೋಕವೆಲ್ಲ ಕಂಡಂತೆ ಎಂದು ನಂಬಿದ ಮನೆತನ ಅದು. ಮುದಿವಯಸ್ಸಿನಲ್ಲಿ ಅಜ್ಜ ಬಾವಿಯ ಕಟ್ಟೆ ಕಾಣದೆ ಬಾವಿಗೆ ಬಿದ್ದು ಸತ್ತದ್ದನ್ನು ಊರು ದೈವಲೀಲೆ ಎಂದು ಕರೆದಿತ್ತು.

ಒಂದು ದಿನ ಕಚೇರಿಯ ಮುಂದಿನ ಪರಸಿ ಕಲ್ಲಿನ ಕಟ್ಟೆಗೆ ಬಡಿದು ಮೊಣಕಾಲ ಕೆಳಗೆ ಚರ್ಮ ಕಿತ್ತುಬಂತು. ರಕ್ತ ನಿಲ್ಲಲಿಲ್ಲ. ಬೇರೆ ದಾರಿಯಿಲ್ಲದೆ ಸರಕಾರಿ ದವಾಖಾನೆಗೆ ಹೋದರು. ಅಲ್ಲಿಯ ಡಾಕ್ಟರು ಗುಲಾಮ ದಸ್ತಗೀರ. ಬಾಯಿತುಂಬ ಪಾನು, ಕೋಟಿನ ಮೇಲೆ ಅದರದೇ ಕಲೆ. ರೋಗಿಗಳನ್ನು ಬಯ್ಯದೆ ಔಷಧ ಕೊಟ್ಟರೆ ನಾಟುವುದಿಲ್ಲ ಎಂದು ತಿಳಿದಿದ್ದ ಮನುಷ್ಯ. ಹಿಂದೆ ಇದೇ ಡಾಕ್ಟರಿಗೆ ಎದ್ದುನಿಂತು ಸಲಾಮು ಹೊಡೆದಿದ್ದ ಪೇಶಕಾರರು, ಪೊಲೀಸ್ ಆಕ್ಷನ್ ಆದ ಮೇಲೆ ಅವನನ್ನು ಹಳೆಯ ಸರಕಾರ ಬಿಟ್ಟುಹೋದ ಮುರುಕು ಸಾಮಾನು ಎಂದು ಕರೆಯುತ್ತಿದ್ದರು. ದಸ್ತಗೀರನಿಗೆ ಅದು ಗೊತ್ತಿತ್ತು, ಮರೆತಿರಲಿಲ್ಲ.

ಕಾಲಿಗೆ ಪಟ್ಟಿ ಕಟ್ಟುತ್ತ ದಸ್ತಗೀರ ಕೇಳಿದ. "ಇಷ್ಟ ದೊಡ್ಡ ಕಟ್ಟಿ ಕಾಣಲಿಲ್ಲೇನ್ರಿ ಪೇಶಕಾರ ಸಾಬ್?"

"ಯಾರೋ ಅದನ್ನ ದಾರ್ಯಾಗ ಕಟ್ಯಾರ."

"ಹಾಂಗೇನು? ನನ್ನ ಮೂಗ ನೋಡ್ರಿ. ಮೂಗೊಂದೇ ನೋಡ್ರಿ. ಹಾಂ. ಈಗ ಹೇಳ್ರಿ, ಈ ಕೈಯಾಗ ಎಷ್ಟ ಬೆರಳ ತೋರಸಾಕತ್ತೀನಿ?"

"ಯಾವ ಕೈ?" ಎಂದರು ರೇವಣಸಿದ್ದಯ್ಯನವರು.

ಬಾಗಿಲಲ್ಲಿ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ದಸ್ತಗೀರ ನಗಲಿಲ್ಲ. ಕಣ್ಣು ಮುಚ್ಚಿ ಕೆಳಗೆ ನೋಡಿರಿ ಎಂದು ಹೇಳಿ, ತನ್ನ ಎರಡು ತೋರುಬೆರಳನ್ನು ಅವರ ರೆಪ್ಪೆಯ ಮೇಲಿಟ್ಟು ಒಂದಾದ ಮೇಲೊಂದು ಮೆಲ್ಲಗೆ ಒತ್ತಿದ. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು.

"ಗೋಲಿ ಹಾಂಗ ಗಟ್ಟಿ ಆಗ್ಯಾವ. ಕಾಲಾ ಮೋತಿಯಾ ಇದು. ಕಣ್ಣಿನೊಳಗ ನೀರಿನ ಒತ್ತಡ ಏರತದ. ಮದಲ ಬಾಜೂದ ನೋಟ ಹೋಗತದ, ನಡುವಿನ ನೋಟ ಕಡೀಕ. ಹೋಗಿದ್ದು ತಿರುಗಿ ಬರಂಗಿಲ್ಲ. ಉಳಿದಿದ್ದು ಉಳಿಸ್ಕೋಬೇಕಂದ್ರ ಈ ದವಾ ದಿನಾ ಹಾಕ್ರಿ, ಹೈದರಾಬಾದಿಗೆ ಹೋಗಿ ಆಪರೇಷನ್ ಮಾಡಿಸ್ಕೋರಿ. ಇಲ್ಲಂದ್ರ ಪೂರಾ ಕುರುಡ ಆಗ್ತೀರಿ." ಇಷ್ಟಕ್ಕೆ ನಿಲ್ಲಿಸಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಆದರೆ ದಸ್ತಗೀರನ ನಾಲಗೆ ಹಾಗೆ ನಿಲ್ಲುವಂಥದ್ದಲ್ಲ. ಬಾಗಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಅರ್ಧ ಕುರುಡ ಆಗೇ ಆಗ್ಯಾರ. ಕಚೇರ್ಯಾಗ ಹೇಳೋ ಗಂಡಸರೇ ಇಲ್ಲ ಅಂತ ಕಾಣ್ತದ," ಎಂದ.

ಕಣ್ಣು ಹೋಗುತ್ತದೆ ಎಂಬ ಮಾತು ರೇವಣಸಿದ್ದಯ್ಯನವರ ಕಿವಿಗೆ ಬಿತ್ತೋ ಇಲ್ಲವೋ, ಹೆಂಗಸರು ನಕ್ಕದ್ದು ಮಾತ್ರ ನಾಟಿತು. ಮನೆಗೆ ಬಂದು, "ಸಂತ್ಯಾಗ ಮಾವಿನಹಣ್ಣ ಒತ್ತಿ ನೋಡ್ದಾಂಗ ನನ್ನ ಕಣ್ಣ ಒತ್ತಿ ನೋಡ್ಯಾನ. ಅದೊಂದು ಪರೀಕ್ಷಾ! ಹಣ್ಣಿನ ವ್ಯಾಪಾರ ಮಾಡಂತ ಹೇಳಬೇಕು ಅವಂಗ," ಎಂದು ಕೂಗಾಡಿದರು. ನೀಲಾಬಾಯಿ ಔಷಧದ ಶೀಶೆಯನ್ನು ಕಸಿದುಕೊಂಡು ಒತ್ತಾಯದಿಂದ ಎರಡು ಹನಿ ಹಾಕಿದಳು. ಹುಬ್ಬು ನೋಯಿತು, ಕಣ್ಣು ಉರಿಯಿತು, ಮಧ್ಯಾಹ್ನದ ಬಿಸಿಲೇ ಮಬ್ಬಾಯಿತು. ಆ ಔಷಧದ ಗುಣವೇ ಅಂಥದ್ದು. ಆದರೆ ಅದನ್ನು ಹೇಳುವಷ್ಟು ತಾಳ್ಮೆ ದಸ್ತಗೀರನಿಗೆ ಇರಲಿಲ್ಲ, ಕೇಳುವಷ್ಟು ತಾಳ್ಮೆ ಇವರಿಗೂ ಇರಲಿಲ್ಲ. "ನೋಡಿದೇನು? ಇದ್ದ ಕಣ್ಣು ತೆಗ್ಯಾಕ ಹೊಂಟಾನ!" ಎಂದು ಶೀಶೆಯನ್ನು ತಿಪ್ಪೆಗೆ ಎಸೆದರು.

ಆ ಹೊತ್ತಿಗೆ ಸರಿಯಾಗಿ ಶಹಾಬಾದಿನಿಂದ ಅಮೃತಪ್ಪ ಬಂದ. ಕಲ್ಲಿನ ಖಣಿಯ ಮಾಲಕ. ಅವನ ಖಣಿಯ ಕಾಗದ ಪೇಶಕಾರರ ಮೇಜಿನ ಕೆಳಗೆ ಬಹಳ ದಿನದಿಂದ ನಿದ್ದೆ ಮಾಡುತ್ತಿತ್ತು. ಆದ್ದರಿಂದ ಪೇಶಕಾರರ ಕಣ್ಣಿನ ಸುದ್ದಿ ಕೇಳಿ ಅವನಿಗೆ ಆದಷ್ಟು ದುಃಖ ಊರಿನಲ್ಲಿ ಬೇರೆ ಯಾರಿಗೂ ಆಗಲಿಲ್ಲ.

"ಅಯ್ಯನವರ, ಬೆರಳಿಂದ ಒತ್ತಿ ನೋಡೋ ಕಾಲ ಹೋತರಿ," ಎಂದ. "ನಮ್ಮ ಸೇಡಂ ಕಡೀ ಡಾಕ್ಟರ್ ವೆಂಕಟೇಶರಾವ್ ಅಂತ, ವಿಲಾಯತಿಗೆ ಹೋಗಿ ಓದಿ ಬಂದಾರ. ಕಣ್ಣಿನೊಳಗ ಎಷ್ಟ ಕರೆಂಟ್ ಅದ ಅಂತ ಅಳಿಯೋ ಮಷೀನ್ ತಂದಾರ. ನಮ್ಮ ಊರಾಗ ಕರೆಂಟ್ ಅದ ನೋಡ್ರಿ, ಅದಕ್ಕ ನನ್ನ ಮನ್ಯಾಗೇ ಮಷೀನ್ ಹಚ್ಯಾರ. ನೀವು ಒಮ್ಮೆ ಬರ್ರಿ, ನಾ ಎಲ್ಲಾ ಬಂದೋಬಸ್ತ ಮಾಡತೀನಿ."

ಕಣ್ಣಿನಲ್ಲಿ ಕರೆಂಟು! ರೇವಣಸಿದ್ದಯ್ಯನವರ ಮುಖ ಅರಳಿತು. ಚಿತ್ತಾಪುರದ ಬೀದಿಗೇ ಇನ್ನೂ ಬಾರದ ಕರೆಂಟು ತಮ್ಮ ಕಣ್ಣಿನಲ್ಲಿ ಇದೆ ಎಂಬುದು ಅವರಿಗೆ ತೀರ ಸಹಜವಾಗಿ ಕಂಡಿತು.

ಚಿತ್ತಾಪುರದಿಂದ ರೈಲು ಹತ್ತಿ, ವಾಡಿ ಜಂಕ್ಷನ್ನಿನಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ಗಂಡಹೆಂಡತಿ ಶಹಾಬಾದಿಗೆ ಹೋದರು. ವಾಡಿಯಲ್ಲಿ ಪೇಶಕಾರರು ಸಾಮಾನಿನ ಕೈಗಾಡಿಗೆ ಹೋಗಿ ಬಡಿದು, ಹಮಾಲನಿಗೆ ಕಣ್ಣು ಕಾಣುವುದಿಲ್ಲವೇನೋ ಎಂದು ಬಯ್ದರು. ನೀಲಾಬಾಯಿ ಅವರ ಅಂಗಿಯ ತೋಳು ಹಿಡಿದುಕೊಂಡಳು.

ಡಾಕ್ಟರ್ ವೆಂಕಟೇಶರಾಯರು ರೋಗಿಯ ಮುಖ ನೋಡುವ ಮೊದಲು ಮಷೀನಿನ ಮುಖ ನೋಡುವ ಪೈಕಿ. ಹೊಳೆಯುವ ಗುಂಡಿಗಳ ಪೆಟ್ಟಿಗೆ, ಅದರ ನಡುವೆ ಹಸಿರು ಬೆಳಕಿನ ಪುಟ್ಟ ಗಾಜು, ಸುತ್ತ ವೈರುಗಳ ಗೊಂಡೆ. ಅದನ್ನು ಒರೆಸುತ್ತ ಅವರು ಪಾಠ ಹೇಳಿದರು. ಬೆಳಕು ಬಿದ್ದ ಕೂಡಲೇ ಕಣ್ಣಿನ ಒಳಪರದೆಯಲ್ಲಿ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ, ಅದು ಈ ಗಾಜಿನ ಮೇಲೆ ಅಲೆಯಾಗಿ ಏಳುತ್ತದೆ, ಅಲೆ ಎತ್ತರವಾಗಿದ್ದರೆ ಪರದೆ ಗಟ್ಟಿ, ಅಲೆ ಬಿದ್ದರೆ ಪರದೆ ಕೆಟ್ಟಿತು. ಇಷ್ಟು ಸತ್ಯ. ಇದರ ಮುಂದೆ ಅವರು ತಮ್ಮದೊಂದು ಗೊಂಬೆಮನೆ ಕಟ್ಟಿದ್ದರು. ಕಾಲಾ ಮೋತಿಯಾ ಬಂದರೆ ಒತ್ತಡಕ್ಕೆ ಪರದೆ ಪೂರ್ತಿ ಕೆಡಲೇಬೇಕು, ಪರದೆ ಕೆಟ್ಟರೆ ಅಲೆ ಬೀಳಲೇಬೇಕು, ಆದ್ದರಿಂದ ಬೆರಳು ಹೇಳುವ ಮೊದಲೇ ಮಷೀನು ಹೇಳಿಬಿಡುತ್ತದೆ. ಇದನ್ನು ಜಗತ್ತಿಗೆ ಸಾಧಿಸಿ ತೋರಿಸಿ ದೊಡ್ಡ ಹೆಸರು ಮಾಡುವುದು ರಾಯರ ಆಸೆ. ಜಗತ್ತು ಕಾಯುತ್ತಿದೆ ಎಂದು ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ಕಿಟಕಿಗಳಿಗೆ ಕರಿ ಕಂಬಳಿ ಹೊದಿಸಿದ ಕೋಣೆಯಲ್ಲಿ ಪೇಶಕಾರರನ್ನು ಬಹಳ ಹೊತ್ತು ಕೂಡಿಸಿದರು. ಕತ್ತಲೆಗೆ ಕಣ್ಣು ಹೊಂದಬೇಕಂತೆ. ಆಮೇಲೆ ಕಣ್ಣು ಜೋಮುಗಟ್ಟುವ ಹನಿ ಹಾಕಿ, ವೈರು ಅಂಟಿಸಿದ ಗಾಜಿನ ಬಟ್ಟಲಿನಂಥ ಚೂರೊಂದನ್ನು ಕಣ್ಣುಗುಡ್ಡೆಯ ಮೇಲೆ ಕೂಡಿಸಿದರು. ಇನ್ನೊಂದು ವೈರು ಹಣೆಗೆ ಅಂಟಬೇಕು. ಡಾಕ್ಟರು ಸಣ್ಣ ಕೆಂಪು ದೀಪ ಹಿಡಿದು ನೋಡಿ, "ಸ್ವಾಮಿ, ಈ ವಿಭೂತಿ ಒರೆಸಬೇಕಾಗ್ತದ. ಬೂದಿ ಇದ್ರ ಕರೆಂಟ್ ಹರಿಯಂಗಿಲ್ಲ," ಎಂದರು.

ಬಾಗಿಲ ಬಳಿ ಅಮೃತಪ್ಪನ ಹಿಂದೆ ನಿಂತಿದ್ದ ನೀಲಾಬಾಯಿ ಉಸಿರು ಹಿಡಿದಳು. ತಹಶೀಲದಾರರ ಮುಂದೆ, ಸುಬೇದಾರರ ಮುಂದೆ, ಪೊಲೀಸ್ ಆಕ್ಷನ್ ಹೊತ್ತಿನ ಗಲಾಟೆಯ ದಿನಗಳಲ್ಲಿ ಬಂದೂಕು ಹಿಡಿದು ಮನೆಗೆ ಬಂದವರ ಮುಂದೆ ಸಹ ಆ ಹಣೆಯ ವಿಭೂತಿ ಅಳಿಸಿರಲಿಲ್ಲ. ಅದೊಂದು ವಿಷಯದಲ್ಲಿ ಆಕೆಗೆ ಗಂಡನ ಬಗ್ಗೆ ನಿಜವಾದ ಹೆಮ್ಮೆ ಇತ್ತು. ಈಗ ರೇವಣಸಿದ್ದಯ್ಯನವರು ಧೋತರದ ಚುಂಗಿನಿಂದ ತಮ್ಮ ಹಣೆಯನ್ನು ತಾವೇ ಒರೆಸಿಕೊಂಡರು.

ದೀಪ ಫಳ್ಳನೆ ಮಿಂಚಿತು. ಗಾಜಿನ ಮೇಲೆ ಹಸಿರು ಗೆರೆ ಕೆಳಗೆ ಕುಸಿದು, ಎತ್ತರಕ್ಕೆ ಜಿಗಿದು, ಇಳಿಯಿತು. ಮತ್ತೆ ಮಿಂಚು, ಮತ್ತೆ ಜಿಗಿತ. ಎರಡು ಕಣ್ಣಿನದೂ ಅದೇ ಕಥೆ.

"ಫಸ್ಟ್ ಕ್ಲಾಸ್!" ಎಂದರು ವೆಂಕಟೇಶರಾಯರು. "ಇಪ್ಪತ್ತು ವರ್ಷದ ಹುಡುಗನ ಅಲೆ ಇದು. ಕಾಲಾ ಮೋತಿಯಾ ಇದ್ರ ಇದು ಹಿಂಗ ಏಳತಿರಲಿಲ್ಲ. ನಿಮಗ ಏನೂ ಆಗಿಲ್ಲ."

"ಮತ್ತ ಕಂಬ ಯಾಕ ಕಾಣಂಗಿಲ್ಲರಿ ಇವ್ರಿಗೆ?" ಎಂದಳು ನೀಲಾಬಾಯಿ.

"ವಿಚಾರವಂತರಿಗೆ ಹಾಂಗೇ ತಾಯಿ. ಲಕ್ಷ್ಯ ಎಲ್ಲೋ ಇರತದ."

"ಒಮ್ಮೆ ನೀವೂ ಒತ್ತಿ ನೋಡ್ರಿ ಡಾಕ್ಟರ. ಆ ದಸ್ತಗೀರ ಸಾಹೇಬ ನೋಡಿದ್ನಲ್ಲ, ಹಾಂಗ."

ಕತ್ತಲೆಯಲ್ಲಿ ಮೂರೂ ಗಂಡಸರು ಗೊಳ್ಳೆಂದು ನಕ್ಕರು. ಡಾಕ್ಟರು ವಿದ್ಯೆಗೆ ತಕ್ಕಂತೆ ನಕ್ಕರು, ಅಮೃತಪ್ಪ ಕಾಗದದ ಚಿಂತೆಗೆ ತಕ್ಕಂತೆ ನಕ್ಕ, ಪೇಶಕಾರರು ಎಲ್ಲರಿಗಿಂತ ಜೋರಾಗಿ ನಕ್ಕರು. ಬೆರಳು ಚಾಚಿ ಒಂದು ಸಲ ಒತ್ತುವುದಕ್ಕೆ ಎಷ್ಟು ಹೊತ್ತು ಬೇಕಾಗಿತ್ತು? ಈ ನಗುವಿಗೆ ಹಿಡಿದಷ್ಟು ಹೊತ್ತೂ ಬೇಕಾಗಿರಲಿಲ್ಲ.

ಅಲೆಯ ಫೋಟೋ ತೆಗೆಸಿ, ಕಟ್ಟು ಹಾಕಿಸಿ ಕೊಟ್ಟವನು ಅಮೃತಪ್ಪ. ಅವನ ಕಾಗದ ಮರುವಾರವೇ ಎದ್ದು ಕೂತು ತಹಶೀಲದಾರರ ರುಜು ಹಾಕಿಸಿಕೊಂಡಿತು. ಫೋಟೋ ಪೇಶಕಾರರ ಕುರ್ಚಿಯ ಹಿಂದೆ ಗೋಡೆಗೆ ಏರಿತು. ಬಂದವರಿಗೆಲ್ಲ ಅದರ ದರ್ಶನ. "ಇದು ನನ್ನ ಕಣ್ಣಿನ ಕರೆಂಟು," ಎನ್ನುವರು. ಬಂದವರು ಅದಕ್ಕೂ ಕೈ ಮುಗಿಯುವರು. ಒಬ್ಬ ರೈತನಂತೂ, ಊರಿಗೆ ಲೈಟು ಬರುವ ಕಾಗದ ಇದೇ ಇರಬೇಕು ಎಂದುಕೊಂಡು ನಮ್ಮ ಹಳ್ಳಿಗೂ ಒಂದು ಕಂಬ ಹಾಕಿಸಿರಿ ಅಯ್ಯನವರೇ ಎಂದು ಬೇಡಿಕೊಂಡ.

ಒಂದು ದಿನ ಫೋಟೋವನ್ನು ಕಂಕುಳಲ್ಲಿ ಇರಿಸಿಕೊಂಡು ದವಾಖಾನೆಗೇ ಹೋದರು. ಅಂದು ನಕ್ಕಿದ್ದ ಹೆಂಗಸರು ಇರಲಿಲ್ಲ, ಬೇರೆಯವರು ಇದ್ದರು. ಅಷ್ಟು ಸಾಕಾಗಿತ್ತು.

"ಓದಾಕ ಬರತದೇನ್ರಿ ಡಾಕ್ಟರ, ಇದು? ವಿಲಾಯತಿ ವಿದ್ಯಾ. ಹಣ್ಣ ಒತ್ತಿದಾಂಗ ಅಲ್ಲ."

ದಸ್ತಗೀರ ಫೋಟೋ ನೋಡಿದ. ಪಾನಿನ ರಸ ಉಗುಳಿ ಬಂದ. ಇಂಥ ಅಲೆಯ ಬಗ್ಗೆ ಅವನಿಗೇನೂ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ತನ್ನ ಬೆರಳಿಗೆ ತಿಳಿದದ್ದು ಮಾತ್ರ ಗಟ್ಟಿಯಾಗಿ ಗೊತ್ತಿತ್ತು. ಅದನ್ನು ಕೈ ಹಿಡಿದು, ಕೂಡಿಸಿ, ಎರಡು ಮೆದು ಮಾತಿನಲ್ಲಿ ಹೇಳಿದ್ದರೆ ಒಬ್ಬ ಮನುಷ್ಯನ ಕಣ್ಣು ಉಳಿಯುತ್ತಿತ್ತೇನೋ. ಆದರೆ ಅವನ ಮೂಗೂ ಮುರಿಯುವ ಮೂಗೇ.

"ಭಾಳ ಚಲೋ ಅದ ತಸವೀರು," ಎಂದ. "ಎರಡ ವರ್ಷ ಬಿಟ್ಟು ಬರ್ರಿ. ಈ ಗೆರಿ ಎಲ್ಲಿ ಅದ ಅಂತ ನೀವೇ ನೋಡಿ ನನಗ ತೋರಸ್ರಿ."

ಇಬ್ಬರೂ ತಾವೇ ಗೆದ್ದೆವೆಂದು ತಿಳಿದು ಬೇರೆಯಾದರು.

ಆಮೇಲಿನ ಕಾಲದಲ್ಲಿ ರೇವಣಸಿದ್ದಯ್ಯನವರ ಲೋಕ ಅಂಚಿನಿಂದ ಸುಟ್ಟ ಕಾಗದದಂತೆ ಒಳಕ್ಕೆ ಕುಗ್ಗುತ್ತ ಬಂತು. ಮೊದಲು ಬೀದಿ ಹೋಯಿತು, ಆಮೇಲೆ ಕೋಣೆ. ಊಟಕ್ಕೆ ಕೂತರೆ ತಟ್ಟೆಯಲ್ಲಿ ರೊಟ್ಟಿ ಕಂಡರೆ ಪಲ್ಯ ಕಾಣದು, ಪಲ್ಯ ಕಂಡರೆ ರೊಟ್ಟಿ ಕಾಣದು. ಅಕ್ಷರ ಓದುತ್ತಿದ್ದರು, ಸಾಲಿನ ಕೊನೆ ಹುಡುಕುತ್ತಿದ್ದರು. ರಾಜ್ಯವೇ ಒಡೆದು ಹಂಚಿಹೋಗುತ್ತದೆ, ನಾವು ಮೈಸೂರಿಗೆ ಸೇರುತ್ತೇವೆ ಎಂದು ಕಚೇರಿಯವರೆಲ್ಲ ಕಾಗದ ಕಟ್ಟುವ ಗಡಿಬಿಡಿಯಲ್ಲಿದ್ದರು. ಪೇಶಕಾರರು ತಪ್ಪು ಕಾಗದ ಎತ್ತಿದರೂ ಅದು ರಾಜಕೀಯವಿರಬಹುದೆಂದು ಸುಮ್ಮನಿದ್ದರು. ದಸ್ತಗೀರನಿಗೆ ಚಿಂಚೋಳಿಗೆ ವರ್ಗವಾಯಿತು. "ತೊಲಗಿತು ಪೀಡೆ," ಎಂದರು ಪೇಶಕಾರರು. ಒಳಗೆ ಅಂಜಿಕೆ ಹುಟ್ಟಿರಲಿಲ್ಲವೆ? ಹುಟ್ಟಿತ್ತು. ಹುಟ್ಟಿದಾಗಲೆಲ್ಲ ಗೋಡೆಯ ಹತ್ತಿರ ಹೋಗಿ, ಮೂಗು ತಾಕುವಷ್ಟು ಸಮೀಪ ನಿಂತು, ಎತ್ತರಕ್ಕೆ ಜಿಗಿದ ತಮ್ಮ ಅಲೆಯನ್ನು ನೋಡುತ್ತಿದ್ದರು. ಮರುದಿನ ಮುಂಜಾನೆ ಅಂಗೈ ಮೇಲೆ ಲಿಂಗ ಕಾಣುತ್ತಿತ್ತು. ಅಂಜಿಕೆ ಮಲಗುತ್ತಿತ್ತು.

ಶ್ರಾವಣದ ಒಂದು ಸೋಮವಾರ ಮುಂಜಾನೆ ಪೂಜೆಗೆ ಕೂತವರು ಒಳಗಿನಿಂದ ಕೂಗಿದರು. "ನೀಲಾ, ಕಿಡಕಿ ಯಾಕ ಮುಚ್ಚೀದಿ?"

ಕಿಟಕಿ ತೆರೆದಿತ್ತು. ಬಿಸಿಲು ಅವರ ಮಡಿಲ ಮೇಲೆಯೇ ಬಿದ್ದಿತ್ತು. ನೀಲಾಬಾಯಿ ಬಾಗಿಲಲ್ಲಿ ಬಂದು ನಿಂತಳು.

"ಮಾತಾಡವಲ್ಲ್ಯಾಕ? ಲಿಂಗ ಯಾರ ತಗೊಂಡ್ರು? ಈಗ ಇಲ್ಲೇ ಇಟ್ಟಿದ್ದೆ."

ಲಿಂಗ ಅವರ ಎಡ ಅಂಗೈ ಮೇಲೆಯೇ ಇತ್ತು. ಅದರ ಭಾರ ಅವರಿಗೆ ತಿಳಿಯುತ್ತಿತ್ತು. ತಿಳಿಯುತ್ತಿದ್ದರಿಂದಲೇ ಆ ದನಿ ಅಷ್ಟು ದೊಡ್ಡದಾಗಿತ್ತು. ಇಷ್ಟು ವರ್ಷ ಮಾತಿಗೆ ಮಾತು ತಿರುಗಿಸಿದ್ದ ನೀಲಾಬಾಯಿ ಅಂದು ಹತ್ತಿರ ಕೂತು, ಗಂಡನ ಬಲಗೈ ಹಿಡಿದು, ಅದರ ಬೆರಳನ್ನು ಲಿಂಗದ ಮೇಲೆ ಇಟ್ಟಳು. ಅವರು ಮುಟ್ಟಿದರು. ಮುಟ್ಟಿ, ಮತ್ತೆ ದಿಟ್ಟಿಸಿ ನೋಡಿದರು. ಮತ್ತೆ ಮುಟ್ಟಿದರು. ಆಕೆ ಗೋಳೋ ಎಂದು ಅತ್ತಳು.

ಚಿಂಚೋಳಿಗೆ ಹೋಗೋಣ ಎಂದಳು ಆಕೆ. ದಸ್ತಗೀರ ಸಾಹೇಬ ಬೈದರೂ ಬೈಯಲಿ, ಕಾಲು ಹಿಡಿಯುತ್ತೇನೆ ಎಂದಳು. ರೇವಣಸಿದ್ದಯ್ಯನವರು ಒಪ್ಪಲಿಲ್ಲ. "ಶಾಬಾದಕ್ಕ ನಡಿ. ಮಷೀನ್ ಹೇಳತದ. ಕರೆಂಟ್ ಏನೋ ಸ್ವಲ್ಪ ಕಮ್ಮಿ ಆಗಿರಬೇಕು," ಎಂದರು. ಕಣ್ಣು ಹೋದರೂ ಹಟ ಹೋಗಿರಲಿಲ್ಲ.

ಮತ್ತೆ ಅದೇ ಕತ್ತಲೆ ಕೋಣೆ. ಈಗ ಅವರಿಗೆ ಅದು ಕತ್ತಲೆ ಎಂದು ಯಾರಾದರೂ ಹೇಳಬೇಕಾಗಿತ್ತು. ವಿಭೂತಿ ಒರೆಸಿರಿ ಎಂದು ಡಾಕ್ಟರು ಬಾಯಿ ತೆರೆಯುವ ಮೊದಲೇ ಒರೆಸಿಕೊಂಡು ಹಣೆ ಒಡ್ಡಿದರು. ದೀಪ ಮಿಂಚಿತು, ಬಲಗಣ್ಣಿಗೆ ಎಲ್ಲೋ ದೂರದ ನಸುಕು ತಾಗಿದಂತಾಯಿತು, ಎಡಗಣ್ಣಿಗೆ ಅದೂ ಇಲ್ಲ. ಹಸಿರು ಗೆರೆ ಕುಸಿಯಿತು, ಜಿಗಿಯಿತು, ಇಳಿಯಿತು. ವೆಂಕಟೇಶರಾಯರು ಗುಂಡಿ ತಿರುವಿದರು, ವೈರು ಎಳೆದು ನೋಡಿದರು, ಮತ್ತೆ ಮಿಂಚಿಸಿದರು. ಅದೇ ಎತ್ತರ.

"ಅದ್ಭುತ!" ಎಂದರು.

"ಚಲೋ ಅದ ಅಲ್ರಿ?" ಎಂದು ಕೇಳಿದರು ರೇವಣಸಿದ್ದಯ್ಯನವರು. ಆ ದನಿಯಲ್ಲಿ ಅಷ್ಟು ಆಸೆ ಇತ್ತು.

"ಅದೇ ಹೇಳ್ತೀನಿ ಕೇಳ್ರಿ ಸ್ವಾಮಿ! ಕಣ್ಣು ಪೂರಾ ಹೋಗ್ಯಾದ, ಆದ್ರ ಅಲೆ ಕೂದಲೆಳಿಯಷ್ಟೂ ಬಿದ್ದಿಲ್ಲ. ಅಂದ್ರ ಏನು? ಬೆಳಕು ಹಿಡಿಯೋ ಪರದೆ ಇನ್ನೂ ಕೆಲಸ ಮಾಡಾಕತ್ತದ, ಅದರ ಸುದ್ದಿ ಮಿದುಳಿಗೆ ಒಯ್ಯೋ ನರ ಸತ್ತದ. ಒತ್ತಡ ಕೊಂದಿದ್ದು ಆ ನರವನ್ನ. ಈ ಮಷೀನ್ ಅಳಿಯೋದು ಪರದೆ ಒಂದನ್ನೇ! ಕಾಲಾ ಮೋತಿಯಾಕ್ಕ ಈ ಅಲೆ ನಂಬಬಾರದು ಅಂತ ಇವತ್ತ ಸಿದ್ಧ ಆತು. ನಾ ಇದನ್ನ ವಿಲಾಯತಿ ಪತ್ರಿಕಾಕ್ಕ ಬರೀತೀನಿ. ನಿಮ್ಮಂಥ ಕೇಸು ಸಿಗೂದು ಭಾಗ್ಯ." ರಾಯರ ಕಣ್ಣಿನಲ್ಲಿ ನೀರು ಬಂದಿತ್ತು, ಸಂತೋಷದ್ದು. ತಮ್ಮ ತಪ್ಪಿನಿಂದ ಒಬ್ಬ ಕುರುಡಾದ ಎಂಬುದು ಅವರ ತಲೆಗೆ ಬರಲೇ ಇಲ್ಲ. ಗೊಂಬೆಮನೆ ಬಿದ್ದರೇನು, ಅದೇ ಇಟ್ಟಿಗೆಯಿಂದ ಇನ್ನೊಂದು ಎಬ್ಬಿಸುವ ಹುರುಪಿನಲ್ಲಿದ್ದರು. ಹಿಂದಿನ ಫೋಟೋದ ಪ್ರತಿಯನ್ನು ತಂದು ಪೇಶಕಾರರ ಮುಖದ ಮುಂದೆ ಹಿಡಿದರು. "ಇದು ಆವಾಗಿಂದು. ಈಗಿಂದೂ ಅಗದೀ ಹಿಂಗೇ. ನೋಡ್ರಿ, ನೀವೇ ನೋಡ್ರಿ!"

ರೇವಣಸಿದ್ದಯ್ಯನವರು ಕೈ ಚಾಚಿದರು. ಫೋಟೋ ಸಿಕ್ಕಿತು. ಅದರ ಮೇಲೆ ತೋರುಬೆರಳು ಇಟ್ಟು, ಈ ಅಂಚಿನಿಂದ ಆ ಅಂಚಿನವರೆಗೆ ಮೆಲ್ಲಗೆ ಎಳೆದರು. ಮತ್ತೆ ಎಳೆದರು. ನುಣ್ಣನೆಯ ಕಾಗದ. ಬೆರಳಿಗೆ ಏನೂ ಹತ್ತಲಿಲ್ಲ.

"ಡಾಕ್ಟರ," ಎಂದಳು ನೀಲಾಬಾಯಿ, "ಆ ಚಲೋ ಕಣ್ಣು ನಿಮ್ಮ ಕಡೇನೇ ಇರಲಿ. ನಾ ಈ ಕುರುಡಗ ಮನೀಗೆ ಒಯ್ಯಬೇಕು." ಹೀಗೆಂದು ಗಂಡನನ್ನು ಎಬ್ಬಿಸಿ, ಸೆರಗಿನ ಗಂಟಿನಿಂದ ವಿಭೂತಿ ತೆಗೆದು ತಾನೇ ಅವರ ಹಣೆಗೆ ಹಚ್ಚಿದಳು. ಬಾಗಿಲವರೆಗೆ ಬೀಳ್ಕೊಡಲು ಅಮೃತಪ್ಪ ಬರಲಿಲ್ಲ. ಅವನ ಕಾಗದದ ಕೆಲಸ ಎಂದೋ ಮುಗಿದಿತ್ತು.

ವಾಡಿಯಲ್ಲಿ ಚಿತ್ತಾಪುರದ ಗಾಡಿ ತಡವಾಗಿತ್ತು. ಪ್ಲಾಟ್‌ಫಾರ್ಮಿನ ಪರಸಿ ಬೆಂಚಿನ ಮೇಲೆ ಇಬ್ಬರೂ ಕೂತರು. ಸುತ್ತ ಚಹಾದವರ ಕೂಗು, ಹಮಾಲರ ಗಲಾಟೆ. ರೇವಣಸಿದ್ದಯ್ಯನವರು ಕಣ್ಣು ಮುಚ್ಚಿ, ಮುಖ ಕೆಳಗೆ ಮಾಡಿ, ತಮ್ಮ ಎರಡು ತೋರುಬೆರಳನ್ನು ಬಲಗಣ್ಣಿನ ರೆಪ್ಪೆಯ ಮೇಲಿಟ್ಟು ಒಂದಾದ ಮೇಲೊಂದು ಒತ್ತಿದರು. ಎಡಗಣ್ಣನ್ನೂ ಹಾಗೇ ಒತ್ತಿ ನೋಡಿದರು. ಗೋಲಿಯಷ್ಟೇ ಗಟ್ಟಿ.

"ನೀಲಾ, ಇಲ್ಲಿ ಸರಿ. ಕಣ್ಣ ಮುಚ್ಚು."

"ಏನ್ರಿ ಇದು, ಮಂದಿ ನೋಡಾಕತ್ತಾರ."

"ನೋಡಲಿ. ಮುಚ್ಚು."

ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ಹೆಂಡತಿಯ ಸೆರಗನ್ನೂ ಮುಟ್ಟದ ಮನುಷ್ಯ, ಆಕೆಯ ಗಲ್ಲ ಹುಡುಕಿ, ಹುಬ್ಬು ಹುಡುಕಿ, ರೆಪ್ಪೆಯ ಮೇಲೆ ಎರಡು ಬೆರಳು ಇಟ್ಟರು. ಒತ್ತಿದರು. ಬೆರಳು ಮೆಲ್ಲಗೆ ಒಳಗಿಳಿದು ಬಂತು.

"ಮೆತ್ತಗದ," ಎಂದರು.

"ಮತ್ತ ಕಣ್ಣು ಕಲ್ಲಾಗಿರತದೇನ್ರಿ?" ಎಂದುಬಿಟ್ಟಳು ನೀಲಾಬಾಯಿ, ರೂಢಿಯ ಬಿರುಸಿನಲ್ಲೇ. ಅಂದ ಮೇಲೆ ತುಟಿ ಕಚ್ಚಿಕೊಂಡಳು.

ರೇವಣಸಿದ್ದಯ್ಯನವರು ಬೆರಳು ತೆಗೆಯಲಿಲ್ಲ. "ಇಷ್ಟೇ ಇತ್ತು ನೋಡು," ಎಂದರು. "ನನ್ನ ಕಣ್ಣೊಮ್ಮೆ, ನಿನ್ನ ಕಣ್ಣೊಮ್ಮೆ. ಮನ್ಯಾಗ ಕುಂತು ಒತ್ತಿ ನೋಡಿದ್ರ ನನಗೇ ತಿಳೀತಿತ್ತು."